ಶನಿವಾರ ಹೋಗಿ ರವಿವಾರ ಬರುವ ಊರುಗಳು

ಕಾಶಿಗೆ ಯಾವ ಗಾಡಿ, ಶ್ರೀಶೈಲಕ್ಕೆ ಯಾವ ದಾರಿ ಎಂದು ಕೇಳುತ್ತಿದ್ದ ನಮ್ಮ ಭಾಗದ ಓದುಗರು ಈಗ ಸ್ವೀಡನ್, ನಾರ್ವೆ, ಫಿನ್ಲೆಂಡ್ ಎಂದು ಬರೆಯತೊಡಗಿದ್ದಾರೆ. ಮಗನೋ ಸೊಸೆಯೋ ಅಲ್ಲಿ ಕೆಲಸದಲ್ಲಿದ್ದಾರೆ, ಇಲ್ಲವೇ ಮಗಳು ಅಲ್ಲಿ ಓದುತ್ತಿದ್ದಾಳೆ. ನೋಡಲು ಹೋದ ತಂದೆತಾಯಿಗೆ ವಾರದ ಐದು ದಿನ ಮನೆ ಕಾಯುವ ಕೆಲಸ, ಉಳಿದೆರಡು ದಿನ ತಿರುಗಾಟ. ಆ ಎರಡು ದಿನದ ಬಗ್ಗೆಯೇ ಬಹಳ ಪತ್ರ ಬಂದಿರುವುದರಿಂದ ಈ ಸಲದ ಅಂಕಣ ಪೂರಾ ಅದಕ್ಕೇ. ಹೊಸ ಓದುಗರಿಗೆ ಒಂದು ಮಾತು: ನಾನು ಕಲಬುರಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತಳಾದವಳು. ಮಗಳ ಸಂಸಾರ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದೆ. ಅವಳ ಮನೆಯಿಂದ ತಿರುಗಿ ನೋಡಿದ್ದು, ಪಾಠ ಮಾಡುತ್ತ ಕಲಿತದ್ದು, ಇವೆರಡೇ ನನ್ನ ಬಂಡವಾಳ. ಯಾವ ಟ್ರಾವೆಲ್ಸ್‌ನವರ ಕಮಿಷನ್ನೂ ಇದರಲ್ಲಿಲ್ಲ.

ಹುಮನಾಬಾದಿನಿಂದ ಒಬ್ಬ ತಾಯಿ: ಅಕ್ಕೋರೆ, ನಮ್ಮ ಮಗನೂ ಗೋಥೆನ್‌ಬರ್ಗ್‌ನಾಗ ಇದ್ದಾನ್ರಿ. ಮೇ ತಿಂಗಳಾಗ ನಾನು, ನಮ್ಮ ಮನೆಯವರು ಹೊಂಟೀವಿ. ಮಗಗ ಶನಿವಾರ ರವಿವಾರ ಅಷ್ಟ ಸೂಟಿ. ಒಂದೇ ವಾರದಾಗ ಪ್ಯಾರಿಸ್, ಆಮ್ಸ್ಟರ್‌ಡಾಮ್, ಬ್ರಸೆಲ್ಸ್ ಮೂರೂ ತೋರಸ್ತೀನಿ ಅಂತಾನ. ನನಗ ಮೊಣಕಾಲು ನೋವು. ಏನು ಮಾಡಬೇಕ್ರಿ?

ಉತ್ತರ: ಮೊದಲು ಮಗನಿಗೆ ಬ್ಯಾಡಪ್ಪಾ ಅನ್ನಿ. ಎರಡು ದಿನದಲ್ಲಿ ಮೂರು ದೇಶ ಎಂದು ಹೊರಟರೆ ಕಣ್ಣಿಗೆ ಬೀಳುವುದು ಸೆಕ್ಯುರಿಟಿಯ ಸಾಲು, ಬೂಟು ಬಿಚ್ಚಿಡುವ ಟ್ರೇ, ಬಸ್ಸಿನ ಕಿಟಕಿ. ವಿಮಾನ ನಿಲ್ದಾಣದೊಳಗೆ ನಡೆಯುವಷ್ಟು ನಡಿಗೆ ಯಾವ ಬೆಟ್ಟ ಹತ್ತುವಾಗಲೂ ಇರುವುದಿಲ್ಲ, ಅದೂ ಚೀಲ ಎಳೆಯುತ್ತ. ನಾನು ಇಟ್ಟುಕೊಂಡ ಲೆಕ್ಕ ಇಷ್ಟು: ಮುಂಜಾನೆ ನಾಷ್ಟಾ ಮುಗಿಸಿ ಮನೆ ಬಿಟ್ಟರೆ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಬೇಕಾದ ಕಡೆ ಹೋಗಿ ಕೂತಿರಬೇಕು. ಅದಕ್ಕಿಂತ ದೂರದ್ದೆಲ್ಲ ದೊಡ್ಡ ಸೂಟಿಗೆ ಇರಲಿ.

ಗೋಥೆನ್‌ಬರ್ಗ್ ಪಶ್ಚಿಮ ಕರಾವಳಿಯ ಊರು. ಅದರ ಎದುರಿಗೆ ಸಮುದ್ರದಲ್ಲಿ ದ್ವೀಪಗಳ ಸಾಲಿದೆ. ಊರ ನಡುವಿನಿಂದ ಟ್ರಾಮ್ ಹಿಡಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಸಾಲ್ಟ್‌ಹೋಲ್ಮೆನ್. ಟ್ರಾಮಿನ ಹಳಿ ಮುಗಿಯುವಲ್ಲೇ ದೋಣಿಕಟ್ಟೆ. ಟ್ರಾಮಿಗೆ ತೆಗೆಸಿದ ಟಿಕೀಟೇ ದೋಣಿಗೂ ನಡೆಯುತ್ತದೆ, ಅದರ ಅವಧಿ ಮುಗಿದಿರಬಾರದು ಅಷ್ಟೆ. ಅಲ್ಲಿಂದ ಬ್ರೆನ್ನೋ, ಸ್ಟಿರ್ಸೋ, ಎಲ್ಲಕ್ಕೂ ದಕ್ಷಿಣದ ವ್ರೊಂಗೋ. ಈ ದ್ವೀಪಗಳಲ್ಲಿ ಕಾರು ಓಡಿಸುವಂತಿಲ್ಲ. ಸಾಮಾನು ಸಾಗಿಸಲು ಅಲ್ಲಿನವರ ಹತ್ತಿರ ಮೂರು ಗಾಲಿಯ ಮೊಪೆಡ್ ಇರುತ್ತದೆ. ಎದುರಿಗೆ ಎರಡು ಗಾಲಿ, ಅವುಗಳ ಮೇಲೆ ತೆರೆದ ತೊಟ್ಟಿ, ಹಿಂದೆ ಕೂತು ಓಡಿಸುವವ. ಕಟ್ಟೆಗೆ ದೋಣಿ ಹತ್ತುತ್ತಿದ್ದಂತೆ ಇವು ಟರ್ ಎನ್ನುತ್ತ ಬಂದು ಸಾಲಾಗಿ ನಿಲ್ಲುತ್ತವೆ. ಕಿರಾಣಿ ಚೀಲ, ಹಾಲಿನ ಕ್ರೇಟು, ಒಮ್ಮೊಮ್ಮೆ ನಾಯಿಯೂ ಆ ತೊಟ್ಟಿಯೊಳಗೇ ಕೂತು ಮನೆಗೆ ಹೋಗುತ್ತದೆ. ನಾನು ಅರ್ಧ ತಾಸು ಇದನ್ನೇ ನೋಡುತ್ತ ಕೂತಿದ್ದಕ್ಕೆ ಮಗಳು ಬೈದಳು.

ಮೊಣಕಾಲಿನ ಸಲುವಾಗಿ ನಿಮಗೆ ಸ್ಟಿರ್ಸೋ ಒಳ್ಳೆಯದು, ಅಲ್ಲಿ ಹಾದಿ ಸಪಾಟಾಗಿದೆ. ವ್ರೊಂಗೋದಲ್ಲಿ ದ್ವೀಪ ಸುತ್ತುವ ಕಾಲುದಾರಿ ಚೆಂದ, ಆದರೆ ಬಂಡೆಗಳ ಮೇಲೆ ಹಾದುಹೋಗುತ್ತದೆ. ಆ ಬಂಡೆಗಳನ್ನು ಮಾತ್ರ ಕೈಯಿಂದ ಸವರಿ ನೋಡಿ. ಮೂಲೆಯೇ ಇಲ್ಲದೆ ನುಣ್ಣಗಿರುತ್ತವೆ. ಹಿಮಯುಗದಲ್ಲಿ ಈ ನಾಡಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಸರಿದಾಡುವಾಗ ತಿಕ್ಕಿದ ಗುರುತು ಅದು. ಮಂಜು ಕರಗಿ ಭಾರ ಇಳಿದ ಮೇಲೆ ಒತ್ತಿಹೋಗಿದ್ದ ನೆಲ ಇನ್ನೂ ಮೇಲೇಳುತ್ತಲೇ ಇದೆ. ಸ್ವೀಡನ್ನಿನ ಉತ್ತರಕ್ಕೆ ಹೈ ಕೋಸ್ಟ್ ಎನ್ನುವಲ್ಲಿ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಏರುತ್ತಿದೆ. ಇದನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಬಂಡೆಯ ಮೇಲೆ ಬರಿಗಾಲಲ್ಲಿ ನಿಂತ ಮೇಲೆ ಆ ಪಾಠ ಮತ್ತೊಮ್ಮೆ ಮಾಡಬೇಕು ಅನ್ನಿಸಿತು, ಆದರೆ ಪೆನ್ಶನ್ ಬಂದಾಗಿತ್ತು.

ಹುಮನಾಬಾದಿನಲ್ಲಿ ಬಿಸಿಲು ಸುಡುವಾಗ ಅಲ್ಲಿ ಮೇ ತಿಂಗಳ ಮಧ್ಯಾಹ್ನ 15, 16 ಡಿಗ್ರಿ ಇರುತ್ತದೆ. ಅವರು ಅದಕ್ಕೇ ತೋಳಿಲ್ಲದ ಅಂಗಿ ಹಾಕಿ ಬಿಸಿಲಿಗೆ ಮೈ ಒಡ್ಡುತ್ತಾರೆ. ನೀವು ಹಾಗೆ ಮಾಡಬೇಡಿ. ದೋಣಿಯ ಮೇಲೆ ಗಾಳಿ ಕಿವಿ ಕೊಯ್ಯುತ್ತದೆ. ಸ್ವೆಟರಿನ ಮೇಲೆ ಗಾಳಿ ತಡೆಯುವ ಜಾಕೀಟು, ಕಿವಿಗೆ ಸ್ಕಾರ್ಫು, ಸೀರೆ ಉಟ್ಟರೆ ಒಳಗೆ ಉಣ್ಣೆಯ ಲೆಗಿಂಗು. ಸಾರ್ವಜನಿಕ ಶೌಚಾಲಯದ ಬಾಗಿಲು ಹಲವು ಕಡೆ ಕಾರ್ಡು ತೋರಿಸಿದರೇ ತೆರೆಯುತ್ತದೆ, 5ರಿಂದ 10 ಕ್ರೋನ ಹಿಡಿಯುತ್ತಾರೆ. ನೋಟು ಮುಟ್ಟದ ಅಂಗಡಿಗಳೇ ಅಲ್ಲಿ ಹೆಚ್ಚು. ಹಾಗಾಗಿ ಮಗ ಎಲ್ಲಿಗೆ ಹೋದರೂ ನಿಮ್ಮ ಕೈಯಲ್ಲಿ ನಿಮ್ಮದೇ ಒಂದು ಕಾರ್ಡು ಇರಲಿ. ಇನ್ನೊಂದು ಮಾತು: ದ್ವೀಪದ ಮೇಲೆ ಕಾಲಿಟ್ಟ ಕೂಡಲೇ ಕಟ್ಟೆಯ ಮೇಲಿನ ವೇಳಾಪಟ್ಟಿಯಲ್ಲಿ ವಾಪಸು ದೋಣಿಯ ಹೊತ್ತು ನೋಡಿ, ಫೋಟೋ ಹೊಡೆದುಕೊಳ್ಳಿ. ರವಿವಾರದ ಪಟ್ಟಿ ಬೇರೆ ಇರುತ್ತದೆ.

ಮುಂದಿನ ವಾರ ಒಂದು ರಾತ್ರಿ ತಂಗುವ ಹಾಗೆ ಡೆನ್ಮಾರ್ಕಿನ ಕೋಪನ್‌ಹೇಗನ್ ಇಟ್ಟುಕೊಳ್ಳಿ. ರೈಲಿನಲ್ಲಿ ಮೂರೂವರೆ ತಾಸಿನ ಹಾದಿ, ಇಳಿಯುವುದು ನೇರ ಊರ ನಡುವೆ. ಸ್ವೀಡನ್ ದಾಟುವಾಗ 2000ದಲ್ಲಿ ತೆರೆದ ಓರೆಸುಂಡ್ ಸೇತುವೆ ಬರುತ್ತದೆ. 7.8 ಕಿಲೋಮೀಟರ್ ಸೇತುವೆ, ಆಮೇಲೆ ಸಮುದ್ರದ ನಡುವೆ ಕೈಯಾರೆ ಕಟ್ಟಿದ ಒಂದು ದ್ವೀಪ, ಅಲ್ಲಿಂದ ಮುಂದೆ ಸುಮಾರು 4 ಕಿಲೋಮೀಟರ್ ಗಾಡಿ ನೀರಿನ ಕೆಳಗಿನ ಸುರಂಗದಲ್ಲಿ ಹೋಗುತ್ತದೆ. ಊರಿನಲ್ಲಿ ನಿಮ್ಮ ಮೊಣಕಾಲಿಗೆ ಹೇಳಿ ಮಾಡಿಸಿದ್ದೊಂದಿದೆ: ರುಂಡೆಟೋರ್ನ್ ಎಂಬ ದುಂಡು ಗೋಪುರ. 1642ರಲ್ಲಿ ನಕ್ಷತ್ರ ನೋಡಲು ಕಟ್ಟಿದ್ದು. ಒಳಗೆ ಪಾವಟಿಗೆಗಳ ಬದಲು ಅಗಲವಾದ ಇಳಿಜಾರು ಹಾದಿ ಏಳೂವರೆ ಸುತ್ತು ಸುತ್ತಿಕೊಂಡು ಮೇಲೇರುತ್ತದೆ. ತುದಿಯಲ್ಲಷ್ಟೇ ನಾಲ್ಕಾರು ಇಕ್ಕಟ್ಟಾದ ಮೆಟ್ಟಿಲು. ಎಲ್ಲರೂ ಓಡಿಹೋಗಿ ನೋಡುವ ಮತ್ಸ್ಯಕನ್ಯೆಯ ಮೂರ್ತಿಯನ್ನು ನಾನಾದರೆ ಬಿಡುತ್ತೇನೆ. ಒಂದೂಕಾಲು ಮೀಟರ್ ಎತ್ತರದ ಕಂಚಿನ ಗೊಂಬೆ. ಅದರ ಸುತ್ತ ನಿಂತ ಜನರ ಬೆನ್ನೇ ಹೆಚ್ಚು ಕಾಣುತ್ತದೆ.

ಸುರಪುರದ ಯುವಕ: ಸ್ವೀಡನ್ ನಾಲ್ಕು ದಿನ, ಡೆನ್ಮಾರ್ಕ್ ನಾಲ್ಕು ದಿನ, ನಡುವಿನ ವಾರಾಂತ್ಯಕ್ಕೆ ಲಂಡನ್. ವೀಸಾ ಯಾರ ಹತ್ತಿರ ಕೇಳಬೇಕು?

ಉತ್ತರ: ಷೆಂಗನ್ ಎಂದರೆ ಒಂದೇ ವೀಸಾದಲ್ಲಿ ತಿರುಗಬಹುದಾದ ಯುರೋಪಿನ ದೇಶಗಳ ಗುಂಪು. ಅದರ ವೀಸಾವನ್ನು ಹೆಚ್ಚು ದಿನ ಇರುವ ದೇಶದವರ ಹತ್ತಿರ ಕೇಳಬೇಕು. ದಿನ ಸಮನಾಗಿದ್ದರೆ ಮೊದಲು ಕಾಲಿಡುವ ದೇಶದವರ ಹತ್ತಿರ. ನಾರ್ವೆ ಮತ್ತು ಐಸ್ಲೆಂಡ್ ಯುರೋಪಿನ ಒಕ್ಕೂಟದಲ್ಲಿಲ್ಲ, ಆದರೆ ಷೆಂಗನ್ನಿನಲ್ಲಿವೆ. ಲಂಡನ್ ಎರಡರಲ್ಲೂ ಇಲ್ಲ. ಅದಕ್ಕೆ ಬೇರೆ ವೀಸಾ, ಬೇರೆ ಫೀಸು. ನೀವು ಸಿಕ್ಕಿಬೀಳಬಹುದಾದ ಜಾಗವೂ ಇದೇ: ಒಂದೇ ಪ್ರವೇಶದ ವೀಸಾ ಕೊಟ್ಟಿದ್ದರೆ, ಲಂಡನ್ನಿಗೆ ಹೋದ ಕ್ಷಣ ಅದು ಮುಗಿದಂತೆ. ಮರಳಿ ಡೆನ್ಮಾರ್ಕಿಗೆ ಬಿಡುವುದಿಲ್ಲ. ಲಂಡನ್ ಕೈಬಿಡಿ.

2024ರ ಜೂನ್‌ನಿಂದ ದೊಡ್ಡವರ ಫೀಸು 90 ಯುರೋ. ಪ್ರವಾಸ ವಿಮೆ ಕನಿಷ್ಠ 30,000 ಯುರೋದ್ದು ಇರಬೇಕು. ಹೊರಡುವ ದಿನಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಬೇಸಿಗೆಯಲ್ಲಿ ಹೋಗುವವರು ಚಳಿಗಾಲದಲ್ಲೇ ಕಾಗದ ಜೋಡಿಸಿಕೊಳ್ಳಿ. ಬೆರಳಚ್ಚು ಕೊಡಲು ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಹಾಂ, ಸ್ವೀಡನ್ನಿನಿಂದ ಡೆನ್ಮಾರ್ಕಿಗೆ ಹೋಗುವಾಗ ಗಡಿಯೇ ಇಲ್ಲ ಎಂದು ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಹೋಗಬೇಡಿ. ಗಾಡಿಯಲ್ಲಿ ಪೊಲೀಸರು ಕೇಳುವುದುಂಟು.

ವಾಡಿಯಿಂದ ಒಬ್ಬ ಹಿರಿಯರು: ರೈಲ್ವೆಯಲ್ಲಿ ಲೋಕೊ ಪೈಲಟ್ ಆಗಿ ನಿವೃತ್ತನಾದವ. ವಾಡಿ–ಸೊಲ್ಲಾಪುರ ನಡುವೆ ಎಷ್ಟು ಸಲ ಗಾಡಿ ಓಡಿಸಿದ್ದೇನೋ ಲೆಕ್ಕವಿಲ್ಲ. ಮಗಳು ಓಸ್ಲೋದಲ್ಲಿದ್ದಾಳೆ. ಮ್ಯೂಸಿಯಂ, ಚರ್ಚು ನನಗೆ ಬೇಡ. ಕೂತು ಹೋಗಲು ಒಂದು ಒಳ್ಳೆಯ ರೈಲು ಹೇಳಿ.

ಉತ್ತರ: ಸರ್, ನಿಮ್ಮ ಪತ್ರ ಓದಿ ಖುಷಿಯಾಯಿತು. ನೀವು ಹೋಗಬೇಕಾದ್ದು ಓಸ್ಲೋ–ಬರ್ಗನ್ ಹಳಿಯ ಮೇಲೆ. 1909ರಲ್ಲಿ ತೆರೆದ ದಾರಿ. ಒಂದೇ ಗಾಡಿಯಲ್ಲಿ ಕೂತರೆ ಏಳು ತಾಸಿನ ಹತ್ತಿರ. ಆದರೆ ನೀವು ನೇರ ಹೋಗಬೇಡಿ.

ಶನಿವಾರ ಮುಂಜಾನೆಯ ಗಾಡಿ ಹತ್ತಿ. ಮೊದಲು ಹೊಲ, ಕೆರೆ, ಸೂಚಿಪರ್ಣಿ ಕಾಡು. ಆಮೇಲೆ ಗಿಡಗಳು ಗಿಡ್ಡವಾಗುತ್ತ ಬಂದು, ಒಂದು ಕಡೆ ಇಲ್ಲವೇ ಇಲ್ಲ. ಅಲ್ಲಿ ಫಿನ್ಸೆ ಎಂಬ ಸ್ಟೇಷನ್, 1,222 ಮೀಟರ್ ಎತ್ತರ, ನಾರ್ವೆಯಲ್ಲಿ ಎಲ್ಲಕ್ಕಿಂತ ಎತ್ತರದ್ದು. ಆ ಊರಿಗೆ ಮೋಟಾರು ರಸ್ತೆಯೇ ಇಲ್ಲ, ಬರುವವರೆಲ್ಲ ಗಾಡಿಯಲ್ಲೇ ಬರಬೇಕು. ಜೂನ್‌ನಲ್ಲೂ ಪ್ಲಾಟ್‌ಫಾರ್ಮಿನ ಆಚೆ ಹಿಮ ಬಿದ್ದಿರುತ್ತದೆ. ಗಾಡಿ ನಿಂತಾಗ ಬಾಗಿಲಲ್ಲಿ ಇಳಿದು ಒಂದು ಉಸಿರು ಎಳೆದು ಹತ್ತಿ. ಈ ಹಳಿಯ ಅತಿ ಎತ್ತರದ ಬಿಂದು 1,237 ಮೀಟರ್, ಅದು ಸ್ವಲ್ಪ ಮುಂದೆ ಹತ್ತು ಕಿಲೋಮೀಟರಿಗೂ ಉದ್ದದ ಸುರಂಗದೊಳಗಿದೆ. ನಿಮಗೆ ಕಾಣುವುದಿಲ್ಲ, ಆದರೆ ಎಂಜಿನ್ನಿನ ಸದ್ದು ಬದಲಾದದ್ದು ನಿಮ್ಮ ಕಿವಿಗೆ ತಿಳಿದೀತು.

ಮ್ಯುರ್ಡಾಲ್‌ನಲ್ಲಿ ಇಳಿಯಿರಿ. ಇಲ್ಲಿಂದ ಫ್ಲೋಮ್ ಎಂಬ ಊರಿಗೆ ಕವಲು ಹಳಿ. 20 ಕಿಲೋಮೀಟರ್ ಹಾದಿ, ಒಂದು ತಾಸು, 866 ಮೀಟರಿನಿಂದ ನೇರ ಸಮುದ್ರದ ಮಟ್ಟಕ್ಕೆ. ಇಳಿಜಾರು 5.5 ಪ್ರತಿಶತ, ಅಂದರೆ 18 ಮೀಟರಿಗೆ ಒಂದು ಮೀಟರ್. ನಮ್ಮ ಭೋರ್ ಘಾಟ್ 37ಕ್ಕೆ ಒಂದು, ಅದಕ್ಕೇ ಹಿಂದಿನಿಂದ ಬ್ಯಾಂಕರ್ ಎಂಜಿನ್ ಹಚ್ಚುತ್ತಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಗಾಡಿ ಜಾರದಂತೆ ಕಚ್ಚಿ ಹಿಡಿಯುವ ಹಲ್ಲಿನ ಹಳಿ ಇಲ್ಲ. ಸಾದಾ ಹಳಿ, ಸಾದಾ ಗಾಲಿ, ಗಾಡಿಯ ಎರಡೂ ತುದಿಗೆ ಎಂಜಿನ್. ದಾರಿಯಲ್ಲಿ 20 ಸುರಂಗ, ಅವುಗಳಲ್ಲಿ 18ನ್ನು ಕೈಯಿಂದಲೇ ಕೊರೆದದ್ದು. ಒಂದು ಸುರಂಗದೊಳಗೆ ಹಳಿ ಪೂರಾ ಹಿಂದಕ್ಕೆ ತಿರುಗಿಬಿಡುತ್ತದೆ. ಹೊರಗೆ ಬಂದಾಗ ನೀವು ಈಗಷ್ಟೇ ದಾಟಿದ ಹಾದಿ ತಲೆಯ ಮೇಲೆ ಬೆಟ್ಟದ ಮೈಯಲ್ಲಿ ಕಾಣುತ್ತದೆ. 1940ರಲ್ಲಿ ಉಗಿಬಂಡಿಯಿಂದ ಶುರುವಾಗಿ, 1944ರಲ್ಲಿ ವಿದ್ಯುತ್ ಬಂತು. ಶೋಸ್‌ಫೊಸೆನ್ ಜಲಪಾತದ ಎದುರು ಗಾಡಿ ಐದು ನಿಮಿಷ ನಿಲ್ಲುತ್ತದೆ. ಬೇಸಿಗೆಯಲ್ಲಿ ಅಲ್ಲಿ ಸಂಗೀತ ಹಚ್ಚಿ ಬಂಡೆಯ ಮೇಲೆ ಒಬ್ಬಳನ್ನು ಕುಣಿಸುತ್ತಾರೆ. ಅದು ಪ್ರವಾಸಿಗರಿಗೆ. ನೀವು ಆ ಹೊತ್ತಿನಲ್ಲಿ ಬ್ರೇಕಿನ ಕಡೆ ನೋಡುತ್ತೀರಿ ಎಂದು ನನಗೆ ಗೊತ್ತು.

ಫ್ಲೋಮ್‌ನಿಂದ ಗುದ್ವಾಂಗೆನ್‌ವರೆಗೆ ಎರಡು ತಾಸು ದೋಣಿ. ನೇರೋಯ್‌ಫಿಯೋರ್ಡ್ ಎಂಬ ಕಡಲ ಸೀಳಿನೊಳಗೆ ಹೋಗುತ್ತದೆ. ಅತಿ ಕಿರಿದಾದ ಕಡೆ ಅದರ ಅಗಲ 250 ಮೀಟರ್, ಎರಡೂ ಬದಿ ಬೆಟ್ಟ ಗೋಡೆ ಕಟ್ಟಿ ನಿಂತಿದೆ. ಅಲ್ಲಿಂದ ಬಸ್ಸಿನಲ್ಲಿ ವೋಸ್, ವೋಸ್‌ನಿಂದ ರೈಲಿನಲ್ಲಿ ಬರ್ಗನ್. ರಾತ್ರಿ ಊಟಕ್ಕೆ ಸೇರುತ್ತೀರಿ. ರವಿವಾರ ಮಳೆ ಇರುತ್ತದೆ ಎಂದೇ ತಿಳಿದು ಕೊಡೆ ಬಿಟ್ಟು ರೇನ್‌ಕೋಟ್ ತನ್ನಿ, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಬೆಟ್ಟ ಹತ್ತುವ ಫ್ಲೋಯ್ ಎಳೆಬಂಡಿ 1918ರದ್ದು, 320 ಮೀಟರ್ ಮೇಲಕ್ಕೆ ಒಯ್ಯುತ್ತದೆ. ರವಿವಾರ ರಾತ್ರಿಯ ಗಾಡಿ ಹಿಡಿದರೆ ಸೋಮವಾರ ಮುಂಜಾನೆ ಓಸ್ಲೋ. ಟಿಕೀಟು ಮುಂಚೆ ತೆಗೆಸಿದಷ್ಟೂ ಅಗ್ಗ. ಬೇಸಿಗೆಯಲ್ಲಿ ಹಳಿ ರಿಪೇರಿ ಹಿಡಿದು ಅರ್ಧ ದಾರಿ ಬಸ್ಸಿನಲ್ಲಿ ಸಾಗಿಸುವುದುಂಟು. ಟಿಕೀಟಿಗೆ ಮೊದಲು ಆ ದಿನ ಪೂರಾ ದಾರಿ ಗಾಡಿಯೇ ಇದೆಯೇ ಎಂದು ಮಗಳಿಗೆ ನೋಡಲು ಹೇಳಿ. ನಿಮಗೆ ಬಸ್ಸಿನಲ್ಲಿ ಹೋಗುವುದು ತರವಲ್ಲ.

ಉಪ್ಸಾಲಾದಲ್ಲಿ ಓದುತ್ತಿರುವ ಆಳಂದದ ಹುಡುಗಿ: ಅಕ್ಕೋರೆ, ಕೈಯಾಗ ರೊಕ್ಕ ಕಡಿಮಿ. ಗೆಳತ್ಯಾರು ಬಾರ್ಸಿಲೋನಾಕ್ಕ ಅಗ್ಗದ ವಿಮಾನ ಐತಿ, ವೀಕೆಂಡಿಗೆ ಹೋಗೂಣು ಅಂತಾರ. ಹೋಗಲೇನು?

ಉತ್ತರ: ತಂಗೀ, ಟಿಕೀಟು ಅಗ್ಗ, ಉಳಿದದ್ದು ಅಲ್ಲ. ಚೀಲಕ್ಕೆ ಬೇರೆ, ಸೀಟಿಗೆ ಬೇರೆ, ನಸುಕಿನಲ್ಲಿ ನಿಲ್ದಾಣಕ್ಕೆ ಹೋಗುವ ಬಸ್ಸಿಗೆ ಬೇರೆ. ಕೂಡಿಸಿ ನೋಡು. ನೀನಿರುವ ಊರನ್ನು ಪೂರಾ ನೋಡಿದ್ದೀಯಾ?

ಉಪ್ಸಾಲಾದಲ್ಲಿ, ಗಿಡಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟ ಸಸ್ಯವಿಜ್ಞಾನಿ ಲಿನ್ನೇಯಸ್‌ನ ತೋಟವಿದೆ. 1655ರಲ್ಲಿ ಶುರುವಾದ ತೋಟವನ್ನು ಅವನು 1740ರ ದಶಕದಲ್ಲಿ ಹೊಸದಾಗಿ ಕಟ್ಟಿದ. ಈಗಲೂ ಅವನ ನಕ್ಷೆಯಂತೆಯೇ ಮಡಿಗಳನ್ನು ಮಾಡಿದ್ದಾರೆ. ನಿನ್ನ ತಾಲ್ಲೂಕಿನ ಹೊಲ ತುಂಬ ನಿಲ್ಲುವ ತೊಗರಿಗೆ 1753ರ ತನ್ನ ಗ್ರಂಥದಲ್ಲಿ ‘ಸೈಟಿಸಸ್ ಕಜಾನ್’ ಎಂದು ಹೆಸರು ಬರೆದವ ಇವನೇ. ಕುಲದ ಹೆಸರು ಆಮೇಲೆ ಬದಲಾಗಿ ಕಜಾನಸ್ ಕಜಾನ್ ಆಯಿತು. ಹುಣಸೆಗೆ ಟಮರಿಂಡಸ್ ಇಂಡಿಕಾ ಎಂದದ್ದೂ ಅದೇ ಗ್ರಂಥದಲ್ಲಿ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು ಎಂದು ನಾವು ಹಿಗ್ಗಿದೆವು. ಅದರ ಶಾಸ್ತ್ರೀಯ ಹೆಸರಿನ ಮೂಲ ನಿನ್ನ ಹಾಸ್ಟೆಲಿನಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ತೋಟ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮೇನಿಂದ ಸೆಪ್ಟೆಂಬರ್ ಒಳಗೆ ಹೋಗು. ಊರ ಹೊರಗೆ ಹಮ್ಮರ್‌ಬಿಯಲ್ಲಿ ಅವನು 1758ರಲ್ಲಿ ಕೊಂಡ ಹಳ್ಳಿಮನೆ ಇದೆ. ಸೈಕಲ್ಲಿದ್ದರೆ ಒಂದು ರವಿವಾರಕ್ಕೆ ಸರಿ.

ಇನ್ನು ಕಾಡು. ಸ್ವೀಡನ್ನಿನಲ್ಲಿ ಯಾರದೇ ಕಾಡಿರಲಿ, ನಡೆದು ಹೋಗಬಹುದು, ಬ್ಲೂಬೆರ್ರಿ ಲಿಂಗನ್‌ಬೆರ್ರಿ ಕಿತ್ತು ತಿನ್ನಬಹುದು, ಮನೆಗಳಿಂದ ದೂರ ಒಂದೆರಡು ರಾತ್ರಿ ಟೆಂಟು ಹಾಕಬಹುದು. ಎಲ್ಲರಿಗೂ ಇರುವ ಹಕ್ಕು ಇದು, 1994ರಿಂದ ಸಂವಿಧಾನದಲ್ಲೂ ಸೇರಿದೆ. ಪರದೇಶಿ ವಿದ್ಯಾರ್ಥಿಗೂ ಇದೆ, ಪೈಸೆ ಕೊಡಬೇಕಾಗಿಲ್ಲ. ಬೆಳೆ ನಿಂತ ಹೊಲ ತುಳಿಯಬಾರದು, ಯಾರ ಮನೆಯಂಗಳಕ್ಕೂ ಹೋಗಬಾರದು, ಬೇಸಿಗೆಯಲ್ಲಿ ಬೆಂಕಿ ನಿಷೇಧ ಇದ್ದರೆ ಒಲೆ ಹಚ್ಚಬಾರದು. ನ್ಯಾಷನಲ್ ಪಾರ್ಕುಗಳಿಗೆ ಅವುಗಳದೇ ನಿಯಮ. ಜುಲೈ, ಆಗಸ್ಟಿನಲ್ಲಿ ಡಬ್ಬಿ ಒಯ್ದು ಬ್ಲೂಬೆರ್ರಿ ತುಂಬಿಸಿಕೊಂಡು ಬಾ. ಅಣಬೆ ಮಾತ್ರ ಬಲ್ಲವರು ಜೊತೆಗಿಲ್ಲದಿದ್ದರೆ ಮುಟ್ಟಬೇಡ, ಬಿಳಿಯಾಗಿ ಚೆಂದ ಕಾಣುವ ಒಂದು ಜಾತಿ ಜೀವ ತೆಗೆಯುತ್ತದೆ. ಹುಲ್ಲಿನಲ್ಲಿ ಉಣ್ಣೆಹುಳ ಇರುತ್ತದೆ, ಪ್ಯಾಂಟು ಕಾಲುಚೀಲದೊಳಗೆ ತುರುಕು. ರೂಮಿಗೆ ಬಂದ ಮೇಲೆ ಮೊಣಕಾಲ ಹಿಂದೆ, ಕಂಕುಳಲ್ಲಿ, ಕೂದಲ ಅಂಚಿನಲ್ಲಿ ನೋಡಿಕೊ. ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಬೆಳೆದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಚಿತ್ತಾಪುರದ ಓದುಗರು: ಎರಡು ದಿನಕ್ಕೆ ಯುರೋಪ್ ಯಾಕ್ರಿ? ಮಳಖೇಡ ನೋಡೀರೇನು?

ಉತ್ತರ: ನೋಡೇನ್ರಿ. ರಾಷ್ಟ್ರಕೂಟರ ರಾಜಧಾನಿ ಕಾಗಿಣಾ ದಂಡೆಯ ಮೇಲೆ ಹೇಗಿದೆ ಎಂದು ಬರೆದರೆ ನಿಮಗೂ ನನಗೂ ಹೊಟ್ಟೆ ಉರಿಯುತ್ತದೆ. ಕನಗನಹಳ್ಳಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದೆ, ಅದನ್ನೂ ನೋಡಿ ಬನ್ನಿ. ಮಕ್ಕಳು ಚಿತ್ತಾಪುರದಲ್ಲೇ ಇದ್ದವರಿಗೆ ಅದೇ ಸರಿ. ಈ ಪತ್ರಗಳು ಮಕ್ಕಳು ಅಲ್ಲಿರುವವರದು.

ಬೀದರಿನಿಂದ: ನನಗೆ ಕೋಟೆಗಳ ಹುಚ್ಚು. ಬೀದರ್ ಕೋಟೆಯ ಒಂದೊಂದು ಬುರುಜೂ ಗೊತ್ತು. ತಮ್ಮ ಹೆಲ್ಸಿಂಕಿಯಲ್ಲಿದ್ದಾನೆ, ಆಗಸ್ಟಿನಲ್ಲಿ ಹೋಗುವವನಿದ್ದೇನೆ. ಅಲ್ಲಿ ನೋಡುವಂಥ ಕೋಟೆ ಇದೆಯೇ?

ಉತ್ತರ: ಎರಡಿವೆ, ಒಂದೇ ವಾರಾಂತ್ಯಕ್ಕೆ ಕೂಡಿಬರುತ್ತವೆ.

ಹೆಲ್ಸಿಂಕಿಯ ಮಾರುಕಟ್ಟೆ ಚೌಕದಿಂದ 15 ನಿಮಿಷ ದೋಣಿಯಲ್ಲಿ ಹೋದರೆ ಸುಓಮೆನ್‌ಲಿನ್ನಾ. ದ್ವೀಪಗಳನ್ನೇ ಜೋಡಿಸಿ ಕಟ್ಟಿದ ಕೋಟೆ. ಆಗ ಫಿನ್ಲೆಂಡ್ ಸ್ವೀಡನ್ನಿನ ಕೈಯಲ್ಲಿತ್ತು. ರಷ್ಯಾದ ಭಯಕ್ಕೆ 1748ರಲ್ಲಿ ಕಟ್ಟಲು ಹಿಡಿದರು. ಇಷ್ಟೆಲ್ಲ ಕಟ್ಟಿ 1808ರಲ್ಲಿ ರಷ್ಯಾದವರಿಗೇ ಒಪ್ಪಿಸಿದರು. ಗೋಡೆ ಗಟ್ಟಿಯಿದ್ದರೆ ಸಾಲದು ಎನ್ನುವುದು ಬಹಮನಿ ಸುಲ್ತಾನರ ಊರಿನವರಾದ ನಿಮಗೆ ಹೊಸದಲ್ಲ. ನೀವು ನೋಡಿದ ಎತ್ತರದ ಬುರುಜು ಅಲ್ಲಿಲ್ಲ. ಫಿರಂಗಿ ಕಾಲದ ಕೋಟೆಯಾದ್ದರಿಂದ ಗೋಡೆಗಳು ತಗ್ಗಾಗಿ, ದಪ್ಪವಾಗಿ, ನಕ್ಷತ್ರದ ಮೂಲೆಗಳಂತೆ ಹೊರಚಾಚಿವೆ. ಮೇಲೆ ಹುಲ್ಲು ಬೆಳೆದು ಹಸಿರು ದಿಬ್ಬವೆಂದೇ ತೋರುತ್ತದೆ. ಒಳಗಿನ ಸುರಂಗಗಳಿಗೆ ಟಾರ್ಚು ಒಯ್ಯಿರಿ. ಕೋಟೆಯೊಳಗೆ ಈಗಲೂ ಸುಮಾರು 800 ಜನ ವಾಸವಿದ್ದಾರೆ. ಅವರ ಕಿಟಕಿಯಲ್ಲಿ ಇಣುಕಬೇಡಿ.

ರವಿವಾರ ಹಡಗು ಹತ್ತಿ ತಾಲಿನ್. ಎರಡು ತಾಸು ಚಿಲ್ಲರೆಯಲ್ಲಿ ಎಸ್ಟೋನಿಯಾ ದೇಶ. ಹಳೆಯ ಊರಿನ ಸುತ್ತ ಕಲ್ಲಿನ ಗೋಡೆ ಸುಮಾರು 2 ಕಿಲೋಮೀಟರಿನಷ್ಟು ಉಳಿದಿದೆ, ಕೆಂಪು ಟೋಪಿಯ ದುಂಡು ಬುರುಜುಗಳ ಸಮೇತ. ಇದು ನಿಮ್ಮ ಜಾತಿಯ ಕೋಟೆ. ಚೌಕದ ಮೂಲೆಯಲ್ಲಿ ಒಂದು ಔಷಧದ ಅಂಗಡಿ ಇದೆ, ದಾಖಲೆಯಲ್ಲಿ ಅದರ ಮಾತು 1422ರಲ್ಲೇ ಬರುತ್ತದೆ. ಆ ವರ್ಷವೇ ಕಲಬುರಗಿಯಲ್ಲಿ ಬಂದೇ ನವಾಜರು ತೀರಿಕೊಂಡದ್ದು, ಬೀದರಿಗೆ ರಾಜಧಾನಿ ಒಯ್ದ ಅಹ್ಮದ್ ಶಾಹ ಪಟ್ಟಕ್ಕೆ ಬಂದದ್ದು. ಅಂಗಡಿಯಲ್ಲಿ ಈಗಲೂ ನೆಗಡಿ ಗುಳಿಗೆ ಸಿಗುತ್ತದೆ. ಒಂದು ಕೋಣೆಯಲ್ಲಿ ಹಳೆಯ ಕಾಲದ ಮದ್ದುಗಳನ್ನೂ ಇಟ್ಟಿದ್ದಾರೆ. ದುಂಡುಗಲ್ಲಿನ ಬೀದಿಗಳು, ದಪ್ಪ ಅಟ್ಟೆಯ ಬೂಟು ಬೇಕು.

ಕಲಬುರಗಿಯ ಬ್ರಹ್ಮಪುರದಿಂದ: ಮಗಳಿಗೆ ತುಪ್ಪ, ಖವಾ, ಕರಿಬೇವು, ಖಡಕ್ ರೊಟ್ಟಿ ಒಯ್ಯಬಹುದೇ? ನಾವು ಶುದ್ಧ ಶಾಕಾಹಾರಿ. ತಿರುಗಾಡುವಾಗ ಏನು ತಿನ್ನುವುದು?

ಉತ್ತರ: ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಹಾಗಾಗಿ ತುಪ್ಪ, ಖವಾ, ಪೇಡೆ ಎಲ್ಲ ಮನೆಯಲ್ಲೇ ಇರಲಿ. ಕರಿಬೇವೂ ಬೇಡ. ಹಸಿ ಸೊಪ್ಪು, ಹಣ್ಣು, ಕಾಯಿಪಲ್ಯಕ್ಕೆ ಸರಕಾರಿ ಸಸ್ಯ ಆರೋಗ್ಯ ಪತ್ರ ಕೇಳುತ್ತಾರೆ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರ, ಡೂರಿಯನ್ ಐದಕ್ಕೆ ಮಾತ್ರ ಬಿಡುವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ತೊಗರಿ ಬೇಳೆ ಧಾರಾಳವಾಗಿ ಒಯ್ಯಿರಿ.

ರೊಟ್ಟಿ ತೀರಿದರೂ ಚಿಂತೆಯಿಲ್ಲ. ಸ್ವೀಡನ್ನಿನವರದು ಕ್ನೆಕೆಬ್ರೋಡ್ ಎಂಬ ಒಣ ರೈ ರೊಟ್ಟಿ. ಮುರಿದರೆ ನಮ್ಮ ಖಡಕ್ ಜೋಳದ ರೊಟ್ಟಿಯ ಹಾಗೆಯೇ ಟಪ್ ಎನ್ನುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಮೇಲೆ ಬೆಣ್ಣೆ ಸವರಿ ಶೇಂಗಾ ಹಿಂಡಿ ಉದುರಿಸಿ ದೋಣಿಯಲ್ಲಿ ತಿಂದು ನೋಡಿ. ಹೊರಗೆ ಫಲಾಫೆಲ್ ಅಂಗಡಿ ದೊಡ್ಡ ಊರಿನಲ್ಲೆಲ್ಲ ಸಿಗುತ್ತದೆ. ಹೋಟೆಲಿನಲ್ಲಿ ವೆಜಿಟೇರಿಯನ್ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ, ಮೀನೂ ಬೇಡ ಎಂದು ಬಿಡಿಸಿ ಹೇಳಿ. ಮಿಠಾಯಿಯ ಪೊಟ್ಟಣದಲ್ಲಿ ಜೆಲಟಿನ್ ಎಂದಿದ್ದರೆ ಅದು ಪ್ರಾಣಿಯದು. ನೀರು ಕೊಳ್ಳಬೇಡಿ, ನಲ್ಲಿಯದನ್ನೇ ಬಾಟಲಿಗೆ ತುಂಬಿಸಿಕೊಳ್ಳಿ.

ಸೇಡಂನ ಹೊಸ ದಂಪತಿ: ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿಗೆ ಹೋಗುತ್ತೇವೆ. ಒಂದು ಶನಿವಾರ ಹೋಗಿ ರಾತ್ರಿ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕು ನೋಡಿ ಬರಬಹುದೇ?

ಉತ್ತರ: ಬೆಳಕು ಟಿಕೀಟು ನೋಡಿ ಬರುವುದಿಲ್ಲ. ಅದು ಕಾಣುವ ದೂರದ ಉತ್ತರದ ಊರು ಅಬಿಸ್ಕೊಗೆ ಸ್ಟಾಕ್‌ಹೋಮಿನಿಂದ ರಾತ್ರಿ ಗಾಡಿಯಲ್ಲಿ 17, 18 ತಾಸು ಬೇಕು. ಅಷ್ಟು ದೂರ ಹೋಗಿ ಮೋಡ ಮುಚ್ಚಿದರೆ ಮುಗಿಯಿತು. ನಾಲ್ಕಾರು ರಾತ್ರಿ ಕೈಯಲ್ಲಿಟ್ಟುಕೊಂಡು ಫೆಬ್ರುವರಿ, ಮಾರ್ಚಿನಲ್ಲಿ ಹೋಗಿ. ಆಗ ಹಗಲೂ ಸ್ವಲ್ಪ ಇರುತ್ತದೆ. ಡಿಸೆಂಬರಿನಲ್ಲಿ ನಾರ್ವೆಯ ಟ್ರೋಮ್ಸೋದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಸ್ಟಾಕ್‌ಹೋಮಿನಲ್ಲಿ ಮುಂಜಾನೆ ಎಂಟೂಮುಕ್ಕಾಲಿಗೆ ಹುಟ್ಟಿ ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗಿರುತ್ತದೆ. ಹಗಲಿನ ಆ ಆರು ತಾಸು ಹಳೆಯ ಊರಿನ ಓಣಿಗಳಲ್ಲಿ ನಡೆಯಿರಿ, ಕತ್ತಲಾದ ಮೇಲೆ ವಾಸಾ ಹಡಗಿನ ಮ್ಯೂಸಿಯಮ್ಮಿಗೆ ಹೋಗಿ. 1628ರಲ್ಲಿ ಮೊದಲ ದಿನವೇ ಬಂದರಿನಲ್ಲಿ ಮುಳುಗಿದ ರಾಜನ ಹಡಗನ್ನು 1961ರಲ್ಲಿ ಎತ್ತಿದರು. ಕೆತ್ತನೆಯ ಮೂರ್ತಿಗಳ ಸಮೇತ ಹಾಗೇ ನಿಂತಿದೆ. ಮೇಲೆ ತೋಪು ಹೆಚ್ಚು, ತಳದಲ್ಲಿ ಭಾರ ಕಡಿಮೆ, ಅದಕ್ಕೇ ಮಗುಚಿತು. ಡಿಸೆಂಬರ್ 13 ಅಲ್ಲಿದ್ದರೆ ಲೂಸಿಯಾ ಹಬ್ಬ. ಬಿಳಿ ನಿಲುವಂಗಿ ತೊಟ್ಟ ಮಕ್ಕಳು ದೀಪ ಹೊತ್ತು ಹಾಡುತ್ತ ಬರುತ್ತಾರೆ, ಅದನ್ನು ತಪ್ಪಿಸಬೇಡಿ.

ಕಲಬುರಗಿಯಿಂದಲೇ ಇನ್ನೊಬ್ಬರು: ಜೂನ್ ಮೂರನೆಯ ವಾರ ಸ್ಟಾಕ್‌ಹೋಮ್ ಮುಟ್ಟುತ್ತೇವೆ. ಮೊದಲ ಶನಿವಾರವೇ ಅಂಗಡಿ, ಮ್ಯೂಸಿಯಂ ಎಲ್ಲ ನೋಡಿಬಿಡುವ ಯೋಚನೆ.

ಉತ್ತರ: ಮೊದಲು ಕ್ಯಾಲೆಂಡರ್ ನೋಡಿ. ಜೂನ್ 19ರಿಂದ 25ರ ಒಳಗೆ ಬರುವ ಶುಕ್ರವಾರ ಅವರ ನಡುಬೇಸಿಗೆ ಹಬ್ಬ. ಊರಿಗೆ ಊರೇ ಹಳ್ಳಿಮನೆಗೂ ದ್ವೀಪಕ್ಕೂ ಹೋಗಿಬಿಟ್ಟಿರುತ್ತದೆ. ಶುಕ್ರವಾರ ಶನಿವಾರ ಬಹಳ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಮ್ಯೂಸಿಯಮ್ಮುಗಳೂ ಹಲವು ಮುಚ್ಚಿರುತ್ತವೆ, ಬಸ್ಸು ದೋಣಿಗೆ ಹಬ್ಬದ ಪಟ್ಟಿ. ಸ್ಕಾನ್ಸೆನ್ ಮಾತ್ರ ತೆರೆದಿರುತ್ತದೆ. 1891ರಲ್ಲಿ ತೆರೆದ ಬಯಲು ಮ್ಯೂಸಿಯಂ, ದೇಶದ ಬೇರೆಬೇರೆ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಹಬ್ಬದ ದಿನ ಎಲೆ ಹೂವು ಸುತ್ತಿದ ಕಂಬ ಎತ್ತಿ, ಅದರ ಸುತ್ತ ಮುದುಕರು ಮಕ್ಕಳು ಎನ್ನದೆ ಕುಣಿಯುತ್ತಾರೆ. ಒಂದು ಕುಣಿತದಲ್ಲಿ ಕಪ್ಪೆಗೆ ಕಿವಿಯಿಲ್ಲ, ಬಾಲವಿಲ್ಲ ಎಂದು ಹಾಡುತ್ತ ಎಲ್ಲರೂ ಕುಪ್ಪಳಿಸಬೇಕು. ನಿಮ್ಮನ್ನೂ ಕೈ ಹಿಡಿದು ಎಳೆಯುತ್ತಾರೆ. ಟಿಕೀಟು ಮುಂಚೆ ತೆಗೆಸಿ, ಬೆಳಗಿನಲ್ಲೇ ಹೋಗಿ. ಹಾಲು, ಮೊಸರು, ಬ್ರೆಡ್ಡು, ಕಾಯಿಪಲ್ಯ ಮಾತ್ರ ಗುರುವಾರ ಸಂಜೆಯೊಳಗೆ ಮನೆಗೆ ತಂದಿಟ್ಟುಕೊಳ್ಳಿ. ಅಂದು ಅಂಗಡಿಯಲ್ಲಿ ಸಾಲು ಉದ್ದ ಇರುತ್ತದೆ.